ವಸಂತಮ್ಮನವರ ಪಾನಕದ ಬಾಟಲಿಗಳು

ಕ್ಲೇಟನ್ನಿನ ವಸಂತಮ್ಮನವರು ಯಾರನ್ನೂ ಸುಲಭವಾಗಿ ನಂಬುವವರಲ್ಲ. ಅಂಗಡಿಯ ಮೊಸರಿನಲ್ಲಿ ಪ್ರಾಣಿಮೂಳೆಯ ಜೆಲಟಿನ್ ಇದ್ದೀತೆಂದು ಡಬ್ಬಿಯ ಸಣ್ಣಕ್ಷರಗಳನ್ನು ಎರಡೆರಡು ಸಲ ಓದುವರು. ಮೈಸೂರನ್ನು ಬಿಟ್ಟು ಪರದೇಶ ಸೇರಿ ವರ್ಷಗಳು ಸಂದರೂ ಅವರ ಮಡಿ ಸಡಿಲವಾಗಿರಲಿಲ್ಲ. ಅಂಥವರು ಪತಿ ಮೂರ್ತಿಯವರ ಒತ್ತಾಯಕ್ಕೆ ಮಣಿದು, ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ದಾವಣಗೆರೆಯ ಪ್ರಾರ್ಥನಾಗೆ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅಡುಗೆಮನೆ ಮಾತ್ರ ಎಲ್ಲರಿಗೂ ಒಂದೇ.

೨೦೦೬ರ ರಾಮನವಮಿಗೆ ಸಿಡ್ನಿಯಲ್ಲಿದ್ದ ನಾದಿನಿ ತೇಜಸ್ವಿನಿ, “ಅತ್ತಿಗೆ, ನೈವೇದ್ಯದ ಪಾನಕ ನಿಮ್ಮ ಕೈಯದೇ ಆಗ್ಬೇಕು” ಎಂದು ಫೋನಿನಲ್ಲಿ ಹೇಳಿದಳು. ವಸಂತಮ್ಮನವರು ಮಿಂದು, ಬೆಲ್ಲ ಕರಗಿಸಿ, ಶುಂಠಿ ಏಲಕ್ಕಿ ಹಾಕಿ, ಕುಡಿಯುವಾಗ ನೀರು ಬೆರೆಸುವಂಥ ಗಟ್ಟಿ ಪಾಕ ಕುದಿಸಿ, ನಿಂಬೆ ಹಿಂಡಿದರು. ದೇವರಿಗಿಡುವ ಮೊದಲು ನಾಲಗೆಗೆ ತಾಕಿಸುವಂತಿಲ್ಲವಾದ್ದರಿಂದ ರುಚಿಯನ್ನು ಮೂಗಿನಿಂದಲೇ ಅಳೆದರು. ಸಿಡ್ನಿಗೆ ಕಳಿಸಲೆಂದು ಬಿಸಿ ಪಾಕವನ್ನು ಹೊಸ ಗಾಜಿನ ಬಾಟಲಿಗಳಿಗೆ ತುಂಬಿ, ತಾಯಿ ಉಪ್ಪಿನಕಾಯಿ ಭರಣಿಗೆ ಮಾಡುತ್ತಿದ್ದಂತೆ, ಒಗೆದ ಪಂಚೆಯ ಚೂರನ್ನು ಬಾಯಿಗೆ ಹಾಸಿ ಮೇಲೆ ಮುಚ್ಚಳ ಬಿಗಿದರು.

ತಗಡಿನ ಮುಚ್ಚಳದ ನಡುವೆ ಒಂದು ಗುಬುಟು, ಪುಟ್ಟ ಉಬ್ಬು. ಅದು ಮೇಲೆದ್ದಿದ್ದರೆ ಯಾರೋ ತೆರೆದಿದ್ದಾರೆಂದರ್ಥ ಎಂದು ಅದರ ಮೇಲೆಯೇ ಅಚ್ಚಾಗಿತ್ತು. ಬೆಳಿಗ್ಗೆ ನೋಡಿದರೆ ಎಲ್ಲ ಗುಬುಟುಗಳೂ ಮೇಲೆ! ಅಷ್ಟರಲ್ಲಿ ಪ್ರಾರ್ಥನಾಳ ಚಹಾದಿಂದ ಶುಂಠಿಯ ಘಮ ಬಂದಿತು.

“ಏನಮ್ಮಾ, ಪಾನಕ ಹೇಗಿತ್ತು?”

“ಯಾವ ಪಾನಕ ಆಂಟಿ?”

“ಅಷ್ಟೂ ಬಾಟಲ್ ಓಪನ್ ಆಗಿದೆ. ಅಂಕಲ್‌ಗೆ ಶುಗರ್, ಅವರು ಮುಟ್ಟಲ್ಲ.”

“ಕದ್ದು ಕುಡಿಯೋಳು ಒಂದನ್ನ ತೆಗೀತಾಳೆ ಆಂಟಿ. ಅಷ್ಟನ್ನೂ ತೆಗೆಯೋಕೆ ನಾನೇನು ಹೆಲ್ತ್ ಇನ್‌ಸ್ಪೆಕ್ಟರಾ?”

“ಎಂಜಲನ್ನ ರಾಮನಿಗಿಡ್ಲಾ? ಬೇರೆ ರೂಮ್ ನೋಡ್ಕೋ.”

ಮೂರ್ತಿಯವರು ಪೇಪರಿನ ಮರೆಯಿಂದ, “ನೀನು ಮುಚ್ಚಿದ್ದು ಸರಿಯಾಗಿತ್ತೇನೇ?” ಎಂದರು.

“ನನ್ನ ಮೇಲೇ ಡೌಟಾ ನಿಮಗೆ!”

ಪಾಕವೆಲ್ಲ ಹಿತ್ತಲ ನಿಂಬೆಗಿಡದ ಬುಡ ಸೇರಿತು. ವಸಂತಮ್ಮನವರು ಮತ್ತೆ ಕುದಿಸಿ, ಮತ್ತೆ ತುಂಬಿ, ಬಟ್ಟೆ ಹಾಸಿ ಮುಚ್ಚಿ, ಬಾಟಲಿಗಳನ್ನು ದೇವರ ಕೋಣೆಯಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು.

ಮರುದಿನ ಬೀಗ ಹಾಗೆಯೇ ಇತ್ತು. ಗುಬುಟುಗಳೂ ಹಾಗೆಯೇ ಮೇಲೆದ್ದಿದ್ದವು. ಕಿಟಕಿಯ ಚಿಲಕವನ್ನು ಅಲುಗಿಸಿ ನೋಡಿದರು; ನಿದ್ದೆಗಣ್ಣಿನ ಗಂಡನ ಮೀಸೆಯನ್ನೂ ಅನುಮಾನದಿಂದ ನೋಡಿದರು. ಆಮೇಲೆ ಒಂದು ಬಾಟಲಿ ಕಣ್ಣಿಗೆ ಬಿತ್ತು. ಬಟ್ಟೆ ಸಾಲದೆ ಬರಿಯ ಮುಚ್ಚಳ ಹಾಕಿದ್ದ ಅದೊಂದರ ಗುಬುಟು ಮಾತ್ರ ಒಳಗೆ ಕುಳಿತಿತ್ತು. ಬಿಸಿ ಆರುವಾಗ ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ಒಳಕ್ಕೆಳೆಯಬೇಕು. ಉಳಿದವುಗಳಲ್ಲಿ ಬಟ್ಟೆಯ ಎಳೆಗಳ ಸಂದಿಯಿಂದ ಹೊರಗಿನ ಗಾಳಿ ನುಸುಳಿತ್ತು. ಯಾರೂ ತೆರೆದಿರಲಿಲ್ಲ, ಅವರೇ ಮುಚ್ಚಿರಲಿಲ್ಲ.

ಬಟ್ಟೆಗಳನ್ನು ಕಿತ್ತೆಸೆದು, ಪಾಕವನ್ನು ಪುನಃ ಕುದಿಸಿ ತುಂಬಿ, ಬಾಟಲಿಗಳ ಬಾಯಿಯನ್ನು ಒರೆಸಿ ಬರಿಯ ಮುಚ್ಚಳ ತಿರುಗಿಸಿದರು. ಆರುತ್ತ ಬಂದಂತೆ ಟಕ್, ಟಕ್ ಎಂದು ಒಂದೊಂದೇ ಗುಬುಟು ಕುಸಿಯಿತು. ಒಂದೊಂದು ಸದ್ದಿಗೂ ವಸಂತಮ್ಮನವರ ಮುಖ ಬಾಡಿತು.

ಹಿಂದಿನ ಕೋಣೆಯಲ್ಲಿ ಪ್ರಾರ್ಥನಾ ಸೂಟ್‌ಕೇಸಿಗೆ ಜಿಪ್ ಎಳೆಯುತ್ತಿದ್ದಳು.

“ತಪ್ಪು ನನ್ನದೇ ಕಣೇ. ಬಟ್ಟೆ ಹಾಕಿದ್ದೆ, ಸೀಲೇ ಆಗಿರ್ಲಿಲ್ಲ. ನೀನು ಇಲ್ಲೇ ಇರು.”

“ಪರವಾಗಿಲ್ಲ ಆಂಟಿ. ಗ್ಲೆನ್ ವೇವರ್ಲಿಯಲ್ಲಿ ರೂಮ್ ಸಿಕ್ತು. ಇಲ್ಲೇ ಇದ್ರೆ, ನಾಳೆ ಹಾಲು ಒಡೆದ್ರೂ ನನ್ನ ಮುಖ ನೋಡ್ತೀರ.”

“ಅಂಕಲ್ ಕಾರಲ್ಲಿ ಬಿಡ್ತಾರೆ.”

“ಬಸ್ ಇದೆ.”

ವಸಂತಮ್ಮನವರು ಸೂಟ್‌ಕೇಸಿನ ಹಿಡಿಗೆ ಕೈ ಚಾಚಿದರು. ಹುಡುಗಿ ಅದನ್ನು ಸರಕ್ಕನೆ ತನ್ನತ್ತ ಎಳೆದುಕೊಂಡು, ಆ ಕೈಯನ್ನೇ ಒಂದು ಗಳಿಗೆ ದಿಟ್ಟಿಸಿದಳು.

“ಬೇಡ ಆಂಟಿ. ನನ್ನ ಸಾಮಾನು, ನಾನೇ ತಗೊಂಡ್ ಹೋಗ್ತೀನಿ.”