ಇಳಿಜಾರಿನ ಬುಡದಲ್ಲಿ ಹಂಚಿದ ಚಿತ್ರಾನ್ನ

ಹಿಮದ ಬೆಟ್ಟ ಹತ್ತುವುದು ನಿನ್ನಿಂದ ಆಗುವ ಕೆಲಸವಲ್ಲ ಎಂದವರು ನಮ್ಮ ಭಾವ. ಅಮೆರಿಕದ ಫೋರ್ಟ್ ಲೀಯ ಅಪಾರ್ಟ್‌ಮೆಂಟಿನಲ್ಲಿ ಕಾಫಿ ಕುಡಿಯುತ್ತಾ, "ನಂಜನಗೂಡಿನ ಬಿಸಿಲಲ್ಲಿ ಬೆಳೆದೋಳು ನೀನು. ಪಾರ್ಕಿಂಗ್ ಲಾಟಲ್ಲೇ ಜಾರಿ ಬೀಳ್ತೀಯ. ಬೆಟ್ಟದ ಹಿಮ ನಿನ್ನ ಮಾತು ಕೇಳುತ್ತಾ?" ಎಂದು ನಕ್ಕರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲನೆಯವಳು, ಅದೂ ಗಣಿತವನ್ನು ಮೂರು ಸಲ ಬರೆದು. ಆಗುವುದಿಲ್ಲ ಎನ್ನುವ ಮಾತು ನನಗೆ ಹೊಸದಾಗಿರಲಿಲ್ಲ.

ಆಗ ಎಂಬತ್ತರ ದಶಕದ ಕೊನೆ. ನಾನು ಸೇರಿದ್ದ ಬೆಟ್ಟ ಹತ್ತುವವರ ಕ್ಲಬ್ಬಿನವರು, ಹಿಮಕುಸಿತದ ಅಪಾಯ ತಪ್ಪಿಸುವ ತರಬೇತಿಯಲ್ಲಿ ಪಾಸಾಗದವರನ್ನು ವಸಂತದ ಚಾರಣಕ್ಕೆ ಕರೆದೊಯ್ಯುತ್ತಿರಲಿಲ್ಲ. ನನಗೆ ಹೋಗಲೇಬೇಕಿತ್ತು. ಎರಡು ದಿನದ ತರಬೇತಿಗೆ ಅಕ್ಕನೇ ಡ್ರೈವ್ ಮಾಡಿ ಅಡಿರಾಂಡ್ಯಾಕ್ ಬೆಟ್ಟಗಳಿಗೆ ಕರೆದುಕೊಂಡು ಹೋದಳು.

ಶನಿವಾರ ಮಧ್ಯಾಹ್ನ ನಾನೊಂದು ಘನಕಾರ್ಯ ಮಾಡಿದೆ. ಇಳಿಜಾರಿನ ಬುಡದಲ್ಲಿ ಸಮತಟ್ಟು ಜಾಗ, ಒಳ್ಳೆ ಬಿಸಿಲು. ಡಬ್ಬಿ ಬಿಚ್ಚಿ ಒಬ್ಬಳೇ ತಿನ್ನುವುದು ನಮ್ಮಲ್ಲಿ ಉಂಟೇ? ಜೊತೆಯ ಆರು ಜನರನ್ನೂ ಕೂಗಿ ಸುತ್ತ ಕೂರಿಸಿ, ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಕೈಕೈಗೆ ಹಾಕಿದೆ. ಎಲ್ಲರೂ ಬೆರಳು ಚೀಪುತ್ತಿದ್ದಾಗ, ಬಿಳಿ ಗಡ್ಡದ ಅಮೆರಿಕನ್ ತರಬೇತುದಾರ ಬಂದು ಮೇಲಕ್ಕೆ ಕೈ ತೋರಿಸಿದ. ಬಿಸಿಲಿಗೆ ಸಡಿಲಾದ ಹಿಮ ಉಂಡೆಯುಂಡೆಯಾಗಿ ಉರುಳುತ್ತಿತ್ತು.

"ಊಟವೇನೋ ಚೆನ್ನಾಗಿದೆ," ಎಂದ. "ಅದು ಈಗ ಕುಸಿದರೆ ಏಳೂ ಜನ ಒಟ್ಟಿಗೇ ಹೂತುಹೋಗ್ತೀರಿ. ಅಗೆದು ತೆಗೆಯೋಕೆ ಯಾರು ಉಳೀತಾರೆ? ನಾಳೆ ತಂಡಕ್ಕೆ ನೀವೇ ಮುಂದಾಳು. ಇಂಥದ್ದು ಇನ್ನೊಂದು ಮಾಡಿದರೆ ಸರ್ಟಿಫಿಕೇಟಿಲ್ಲ."

ಭಾನುವಾರ ನಸುಕಿನಲ್ಲೇ ಹೊರಟೆವು. ರಾತ್ರಿಯ ಚಳಿಗೆ ಹಿಮ ಕಲ್ಲಾಗಿತ್ತು. ಬಯಲು ಇಳಿಜಾರನ್ನು ಒಬ್ಬೊಬ್ಬರನ್ನಾಗಿಯೇ ದಾಟಿಸಿದೆ. ಒಬ್ಬರು ನಡೆಯುವಾಗ ಉಳಿದವರು ಮರಗಳ ನಡುವೆ ನಿಂತು ಅವರ ಮೇಲೆಯೇ ಕಣ್ಣಿಡಬೇಕು. ಇಬ್ಬರು ಹರಟುತ್ತಾ ಜೊತೆಗೇ ಹೆಜ್ಜೆ ಹಾಕಿದಾಗ, ರೇಷನ್ ಅಂಗಡಿಯ ಕ್ಯೂನಲ್ಲಿ ನುಗ್ಗುವವರನ್ನು ಗದರುವ ಹಾಗೆ ಗದರಿದೆ.

ಹತ್ತು ಗಂಟೆಗೆ ತುದಿ ಎದುರಿಗೇ ಕಾಣುತ್ತಿತ್ತು. ಆದರೆ ಬಿಸಿಲಿಗೆ ಮೆತ್ತಗಾದ ಹಿಮದಲ್ಲಿ ಕಾಲು ಮೀನಖಂಡದವರೆಗೂ ಹೂತಿತು. ಅರ್ಧಕ್ಕೆ ಬಿಟ್ಟವಳಿಗೆ ಸರ್ಟಿಫಿಕೇಟು ಯಾರು ಕೊಟ್ಟಾರು?

"ಇಳಿಯೋಣ," ಎಂದೆ.

"ಇನ್ನು ಇಪ್ಪತ್ತೇ ನಿಮಿಷ," ಎಂದು ಒಬ್ಬ ಗೊಣಗಿದ.

"ವಾಪಸು ಬರೋ ಹೊತ್ತಿಗೆ ಇದು ಗಂಜಿಯಾಗಿರುತ್ತೆ. ನಡೀರಿ."

ಮರಗಳ ನಡುವೆಯೇ ದಾರಿ ಮಾಡಿಕೊಂಡು, ಮುಖ ಇಳಿಬಿಟ್ಟುಕೊಂಡು ಇಳಿದೆ. ಕೆಳಗೆ ಕಾರಿನ ಬಾನೆಟ್ ಮೇಲೆ ಕಾಗದ ಹರಡಿ ತರಬೇತುದಾರ ನನ್ನ ಹೆಸರು ಬರೆಯತೊಡಗಿದ.

"ತುದಿ ಮುಟ್ಟಲೇ ಇಲ್ಲವಲ್ಲ?" ಎಂದೆ.

"ಯಾವಾಗ ತಿರುಗಬೇಕು ಅಂತ ಕಲಿಸೋಕೇ ಈ ಎರಡು ದಿನ," ಎಂದು ಸರ್ಟಿಫಿಕೇಟು ಕೈಗಿತ್ತ.

ಕಾರಿನ ಬಳಿ ಕಾದಿದ್ದ ಅಕ್ಕ ಅದನ್ನು ಇಸಿದುಕೊಂಡು ಎರಡು ಸಲ ಓದಿದಳು. ಕಣ್ಣು ಒರೆಸಿಕೊಂಡು ಹೇಳಿದಳು: "ಅಪ್ಪಂಗೆ ಕಾಗದ ಬರೆಯುವಾಗ ಹಿಮ ಕುಸಿಯೋ ವಿಷಯ ಎತ್ತಬೇಡ ಕಣೇ. ನಡಿಗೇಲಿ ಪಾಸಾದೆ ಅಂತಷ್ಟೇ ಬರಿ."