ಹಾಸಿಗೆಯ ನುಸಿ, ಸೀಗಡಿಯ ದಾಯಾದಿ

ಅರ್ಖೆಮಿರೋ ಈವತ್ತು ಯಾರ ಮನೆಯಲ್ಲಿ ಕೆಲಸಕ್ಕೆ ಕೂತಿದ್ದಾನೆಂದು ತಿಳಿಯಲು ಕಡಲತಡಿಯ ನಮ್ಮ ತೊಲು ಊರಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀದಿಯ ತುದಿಯಲ್ಲಿ ನಿಂತು ಕಿವಿಗೊಟ್ಟರೆ ಸೀನು ಕೇಳಿಸುತ್ತಿತ್ತು. ಸಾಲಾಗಿ ಸೀನಿ, ಮೂಗೊರೆಸಿಕೊಂಡು, ಆಮೇಲೆ ಬೂರುಗದ ಹತ್ತಿಯನ್ನು ಕೋಲಿನಿಂದ ಬಡಿಯುವ ಸದ್ದು. ಅವನು ಹಾಸಿಗೆ ಮಾಡುವವನು. ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಬಿಸಿಲಿಗೆ ಹರಡಿ, ಮತ್ತೆ ತುಂಬಿ ದಬ್ಬಳದಲ್ಲಿ ಹೊಲಿದು ಕೊಡುವುದು ಅಪ್ಪನಿಂದ ಬಂದ ಕಸುಬು. ಆ ಹಾಸಿಗೆಗಳಿಗೆ ಗವಸು ಹೊಲಿಯುವವಳು ನಾನು, ನೂರಿಸ್. ಅವನ ಅಂಗಳಕ್ಕೂ ನನ್ನ ಹೊಲಿಗೆ ಯಂತ್ರಕ್ಕೂ ನಡುವೆ ಇರುವುದು ಒಂದು ತಗಡಿನ ಬೇಲಿ ಮಾತ್ರ. ಹಾಗಾಗಿ ಅವನ ವಿಷಯ ಹೇಳುವ ಹಕ್ಕು ನನಗಿದೆ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಅವನು ಮದುವೆಯಾಗಲಿಲ್ಲ. ಕುಡಿಯುತ್ತಿದ್ದದ್ದು ಕಡಿಮೆ, ಮಾತು ಇನ್ನೂ ಕಡಿಮೆ. ಸೀನಿಗೆ ಕಾರಣ ರಾತ್ರಿಯ ಮಂಜು ಎಂದು ಅವನ ನಂಬಿಕೆ. ನಮ್ಮೆಲ್ಲರದೂ ಅದೇ ನಂಬಿಕೆ. ಅದಕ್ಕೇ ಹೊತ್ತು ಮುಳುಗಿದ ಕೂಡಲೇ ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೇ ಬಟ್ಟೆ ತುರುಕಿ, ತಲೆಗೊಂದು ಟವೆಲು ಸುತ್ತಿಕೊಂಡು ಮಲಗುತ್ತಿದ್ದ. ಮಲಗುತ್ತಿದ್ದದ್ದು ಅಪ್ಪ ಹೊಲಿದ ಹಾಸಿಗೆಯ ಮೇಲೆ. ಊರಿನವರ ಹಾಸಿಗೆಯನ್ನೆಲ್ಲ ಬಿಚ್ಚಿ ಹೊಸದು ಮಾಡುವ ಮನುಷ್ಯ, ಅಪ್ಪನ ಹೊಲಿಗೆ ಹಾಳಾಗುತ್ತದೆಂದು ತನ್ನದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಬೆಳಗ್ಗೆ ಎದ್ದಾಗಲೇ ಸೀನು ಹೆಚ್ಚು. "ಮಿದುಳು ಸ್ವಚ್ಛ ಆಗ್ತಿದೆ" ಎನ್ನುತ್ತಿದ್ದ. "ಇಷ್ಟು ವರ್ಷದಲ್ಲಿ ಅಲ್ಲೇನು ಉಳಿದಿದೆಯಪ್ಪಾ ಸ್ವಚ್ಛ ಮಾಡೋಕೆ" ಎಂದು ನಾನು ಬೇಲಿಯ ಈಚೆಯಿಂದ ಕೇಳುತ್ತಿದ್ದೆ.

ನಮ್ಮ ಮನೆಗಳ ಎದುರಿಗೇ, ಬೀದಿಯ ಆಚೆ ಬದಿಯಲ್ಲಿ ತೊಮಾಸಾಳ ಸೀಗಡಿ ಒಲೆ. ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಯುತ್ತಿರುತ್ತದೆ, ಅದರಲ್ಲಿ ಸೀಗಡಿ ಬೇಯಿಸಿ ನಿಂಬೆಹಣ್ಣಿನ ಜೊತೆ ಮಾರುತ್ತಾಳೆ. ಗಂಡ ಸತ್ತಾಗ ಮಗಳು ಯಾದಿರಾ ಹೊಟ್ಟೆಯಲ್ಲಿದ್ದಳು. ಮಗು ಹುಟ್ಟಿದ ಮೇಲೆ ಚರ್ಚಿನಲ್ಲಿ ಅದನ್ನು ತೋಳಲ್ಲಿ ಹಿಡಿದು ಜ್ಞಾನಸ್ನಾನಕ್ಕೆ ನಿಂತವನು ಅರ್ಖೆಮಿರೋ. ಆವತ್ತಿನಿಂದ ಅವನು ಮಗುವಿಗೆ ಧರ್ಮಪಿತ, ತಾಯಿಗೆ ಕೊಂಪಾದ್ರೆ. ಅವಳು ಅವನಿಗೆ ಕೊಮಾದ್ರೆ. ಈ ನಂಟು ನಮ್ಮಲ್ಲಿ ಒಡಹುಟ್ಟಿದವರದಕ್ಕಿಂತ ಬಿಗಿ. ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸಬೇಕು. ಅವರಿಬ್ಬರ ನಡುವೆ ಗಂಡು ಹೆಣ್ಣಿನ ಯೋಚನೆ ಸುಳಿದರೂ ಮಹಾಪಾಪ. ಭಾನುವಾರ ಅವನ ಊಟ ಅವಳ ಮನೆಯಲ್ಲಿ, ಕಾಯಿಹಾಲಿನ ಅನ್ನ, ಸೀಗಡಿ. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಯಾದಿರಾಳಿಗೆ ಹದಿನೈದು ತುಂಬಿದ ದಿನ ತೊಮಾಸಾ ಬೀದಿಗೆಲ್ಲ ಊಟ ಹಾಕಿದಳು. ಎಲ್ಲರಿಗೂ ಕೋಳಿ. ಕೊಂಪಾದ್ರೆಗೆ ಮಾತ್ರ ಬೇರೆ ತಟ್ಟೆ: ಆವತ್ತು ಬೆಳಗ್ಗೆ ದೋಣಿಯಿಂದ ಆರಿಸಿ ತಂದ ದಪ್ಪ ಸೀಗಡಿ, ಬೆಳ್ಳುಳ್ಳಿ ಹಾಕಿ ಹುರಿದದ್ದು. ಧರ್ಮಪಿತನಿಗೆ ಆ ಮರ್ಯಾದೆ ಸಲ್ಲಬೇಕಾದದ್ದೇ. ಅವನು ಅರ್ಧ ತಟ್ಟೆ ತಿಂದಿರಬಹುದು, ತುಟಿ ಕೆರೆದುಕೊಳ್ಳತೊಡಗಿದ. ನೋಡನೋಡುತ್ತಿದ್ದಂತೆ ತುಟಿ ಊದಿತು, ಕಣ್ಣು ಮುಚ್ಚಿಹೋದವು, ಕತ್ತಿನ ಮೇಲೆಲ್ಲ ಕೆಂಪು ದದ್ದು. ಉಸಿರೆಳೆದರೆ ಸಿಳ್ಳೆ ಹಾಕಿದಂತೆ ಸದ್ದು. ಪಕ್ಕದ ಮನೆಯವನು ಬೈಕಿನ ಮೇಲೆ ಕೂರಿಸಿಕೊಂಡ, ನಾನು ಹಿಂದೆ ಕೂತು ಬೀಳದಂತೆ ಹಿಡಿದುಕೊಂಡೆ. ದವಾಖಾನೆಯಲ್ಲಿ ತೊಡೆಗೊಂದು ಇಂಜೆಕ್ಷನ್ ಕೊಟ್ಟ ಮೇಲೆ ಜೀವ ಬಂತು. ಇನ್ನೂ ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ನಾನು ಅಳುವವಳಲ್ಲ, ಆವತ್ತು ಅತ್ತೆ.

ಅವನು ಬದುಕಿದ. ಊರಿಗೆ ಅಷ್ಟು ಸಾಲಲಿಲ್ಲ.

ಗುಲ್ಲು ಶುರುಮಾಡಿದ್ದು ದೋನ್ಯಾ ಬೆರ್ತಿಲ್ದಾ. ದೋನ್ಯಾ ಎಂದರೆ ಅಮ್ಮಾವರು. ಚೌಕದ ಪಕ್ಕದ ಹೆಂಚಿನ ಮನೆಯವಳು. ಅವಳ ಮನೆಯ ನೆಲದ ಮೇಲೆ ಊಟ ಬಡಿಸಿಕೊಳ್ಳಬಹುದು, ಬಾಯಲ್ಲಿ ಬಂದದ್ದನ್ನು ಮಾತ್ರ ಮುಟ್ಟಬಾರದು. ಮೊದಲು, ಸೀಗಡಿ ಹಳಸಿತ್ತು ಎಂದಳು. ಅದು ಯಾಕೋ ಸಪ್ಪೆ ಅನ್ನಿಸಿರಬೇಕು. ಮುಂದಿನ ವಾರ ನನ್ನ ಅಂಗಡಿಗೇ ಬಂದು ಕೂತಳು.

"ಹುಟ್ಟಿದಾಗಿಂದ ಸೀಗಡಿ ತಿಂದೋನಿಗೆ ಈಗ ಆಗಿಬರಲ್ವಾ? ತಟ್ಟೇನೇ ಬೇರೆ ಇಟ್ಟಿದ್ಲು, ನಾನೇ ಕಣ್ಣಾರೆ ನೋಡಿದ್ದೀನಿ. ಮದ್ದು ಹಾಕಿದ್ದಾಳೆ ಕಣೇ ನೂರಿಸ್. ಎಷ್ಟು ವರ್ಷದಿಂದ ಒಂಟಿ ಹೆಂಗಸು. ಗಂಡಸನ್ನ ಕಟ್ಟಿಹಾಕೋಕೆ ಹೋಗಿ ಪ್ರಮಾಣ ಜಾಸ್ತಿ ಆಗಿದೆ."

"ಕೊಂಪಾದ್ರೆಗಾ?" ಎಂದೆ.

"ಅದೇ ನೋಡು ಮಹಾಪಾಪ."

ಮದ್ದಿನ ಮಾತು ಒಮ್ಮೆ ಬೀದಿಗೆ ಬಿದ್ದರೆ ಒರೆಸುವುದು ಕಷ್ಟ. ತೊಮಾಸಾಳ ಒಲೆಯ ಮುಂದೆ ಜನ ಕರಗಿದರು. ಗಂಡಸರು ಹೆಂಡತಿಯರಿಗೆ ಹೆದರಿ ಬರಲಿಲ್ಲ, ಹೆಂಗಸರು ಗಂಡಂದಿರನ್ನು ಕಾಯುತ್ತ ಬರಲಿಲ್ಲ. ಶಾಲೆಯಲ್ಲಿ ಯಾದಿರಾಳ ಡಬ್ಬಿಯಿಂದ ಯಾರೂ ತುತ್ತು ತೆಗೆದುಕೊಳ್ಳಲಿಲ್ಲ. ಹುಡುಗಿ ಡಬ್ಬಿ ಒಯ್ಯುವುದನ್ನೇ ಬಿಟ್ಟಳು.

"ಹಳಸಿತ್ತು ಅಂದ್ರೆ ಅಂದ್ಕೊಳ್ಳಲಿ ನೂರಿಸ್, ನಾಳೆ ತಾಜಾ ಮಾರಿ ಬಾಯಿ ಮುಚ್ಚಿಸ್ತೀನಿ. ಈ ಮಾತಿಗೆ ಏನು ಮಾರ್ಲಿ?" ಎಂದು ತೊಮಾಸಾ ನನ್ನನ್ನು ಕೇಳಿದಳು.

ಅರ್ಖೆಮಿರೋನದು ಇನ್ನೊಂದು ಫಜೀತಿ. ಅವಳ ಮನೆಗೆ ಹೋದರೆ, ನೋಡಿ ಮದ್ದು ಎಳೀತಿದೆ ಎನ್ನುತ್ತಾರೆ. ಹೋಗದಿದ್ದರೆ, ನೋಡಿ ಅವನಿಗೂ ಗೊತ್ತಾಗಿದೆ ಎನ್ನುತ್ತಾರೆ. ಅವನು ಹೋಗದೆ ಉಳಿದ. ಭಾನುವಾರ ಮರಗೆಣಸು ಬೇಯಿಸಿಕೊಂಡು ಒಬ್ಬನೇ ತಿಂದ. ಬೀದಿಯ ಆಚೆ ತೊಮಾಸಾ ಒಲೆ ಊದುತ್ತಿರುವುದು ಅವನ ಬಾಗಿಲಿಗೆ ಕಾಣುತ್ತಿತ್ತು, ಅವನು ಬಾಗಿಲನ್ನೇ ಅರ್ಧ ಮುಚ್ಚಿಟ್ಟ. ಅದನ್ನು ನೋಡಿ ಅವಳು ಏನೆಂದುಕೊಂಡಳೋ ನನಗೆ ಹೇಳಲಿಲ್ಲ.

ದವಾಖಾನೆಯವರು ಕಾರ್ತಹೇನಾದ ದೊಡ್ಡ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೋ ಎಂದಿದ್ದರು. ಅವನು ಒಬ್ಬನೇ ಹೋಗುವ ಪೈಕಿ ಅಲ್ಲ, ನಾನೇ ಬಸ್ಸು ಹತ್ತಿಸಿಕೊಂಡು ಹೋದೆ. ಅಲ್ಲಿ ಒಬ್ಬ ಡಾಕ್ಟರಮ್ಮ ಅವನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಒಂದೊಂದನ್ನೂ ಸಣ್ಣಗೆ ಚುಚ್ಚಿದಳು. ಕಾಯಲು ಹೇಳಿದಳು. ಸ್ವಲ್ಪ ಹೊತ್ತಿಗೆ ಎರಡು ಕಡೆ ದೊಡ್ಡ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಒಂದು ಸೀಗಡಿ.

"ಇನ್ನೊಂದು?" ಎಂದು ಕೇಳಿದ.

"ಧೂಳಿನ ನುಸಿ. ಹಾಸಿಗೇಲಿ, ದಿಂಬಲ್ಲಿ ಇರುತ್ತೆ, ಕಣ್ಣಿಗೆ ಕಾಣಲ್ಲ. ಏನು ಕೆಲಸ ಮಾಡ್ತೀರಿ?"

ಅವನು ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಎಷ್ಟು ವರ್ಷದಿಂದ ಸೀನ್ತಿದ್ದೀರಿ?"

"ಮಂಜಿಗೆ ಸೀನೋದು, ಡಾಕ್ಟರೇ."

"ಮಂಜಿಗಲ್ಲ, ಈ ನುಸಿಗೆ. ಅದೂ ಸೀಗಡೀನೂ ದೂರದ ದಾಯಾದಿಗಳು. ಎರಡರ ಮಾಂಸದಲ್ಲೂ ಒಂದೇ ತರದ ಸತ್ವ ಇದೆ. ನಿಮ್ಮ ಮೈ ವರ್ಷಗಟ್ಟಲೆ ಆ ನುಸಿ ಮೇಲೆ ಹಗೆ ಸಾಧಿಸ್ತಾ ಬಂತು. ಈಗ ಸೀಗಡಿ ಒಳಗೆ ಹೋದ್ರೂ ಅದೇ ಶತ್ರು ಬಂದ ಅಂದ್ಕೊಳ್ಳುತ್ತೆ."

"ಇಷ್ಟು ದಿನ ತಿಂದೆನಲ್ಲ?"

"ಕೆಲವರಿಗೆ ಹಾಗೇ, ನಡುವಯಸ್ಸಲ್ಲಿ ತಿರುಗಿಕೊಳ್ಳುತ್ತೆ. ಸೀಗಡಿ ತಾಜಾ ಇದ್ರೂ ಅಷ್ಟೇ, ಹಳಸಿದ್ರೂ ಅಷ್ಟೇ. ಇನ್ಮೇಲೆ ಸೀಗಡಿ, ಏಡಿ ಮುಟ್ಟಬೇಡಿ. ಅವು ಬೇಯೋ ಕಡೆ ಹಬೇಲೂ ನಿಲ್ಲಬೇಡಿ. ಮೀನು ಬೇರೆ ಜಾತಿ, ಅದರ ಭಯ ಇಲ್ಲ."

ವಾಪಸು ಬರುವ ಬಸ್ಸಿನಲ್ಲಿ ನಮಗಿಬ್ಬರಿಗೂ ಜಗಳವಾಯಿತು.

"ಸೀಗಡಿ ಮೈಗೆ ಒಗ್ಗಲ್ಲ ಅಂತ ಹೇಳು, ಸಾಕು. ನುಸಿ ಗಿಸಿ ಎತ್ತಬೇಡ" ಎಂದೆ.

"ಅಷ್ಟೇ ಹೇಳಿದ್ರೆ ಯಾರು ನಂಬ್ತಾರೆ? ಕೊಮಾದ್ರೇನ ಉಳಿಸೋಕೆ ಸುಳ್ಳು ಹೇಳ್ತಾನೆ ಅಂತಾರೆ. ಮದ್ದು ಕೆಲಸ ಮಾಡ್ತಿದೆ ಅಂತಾರೆ. ಯಾಕೆ ಒಗ್ಗಲ್ಲ ಅಂತ ಹೇಳಿದ್ರೇನೇ ಕೊಮಾದ್ರೆ ಹೆಸರು ಉಳಿಯೋದು."

"ಆ 'ಯಾಕೆ' ಹೇಳಿದ್ರೆ ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಂಡ ಹಾಗೆ. ನನ್ನ ಹೊಟ್ಟೆ ಮೇಲೂ."

"ಗೊತ್ತು" ಎಂದು ಕಿಟಕಿಯ ಕಡೆ ತಿರುಗಿ ಕೂತ.

ನಾನು ಸುಮ್ಮನೆ ಹೆದರಿಸಿದ್ದಲ್ಲ. ನಮ್ಮೂರಲ್ಲಿ ಹೆಂಗಸಿನ ಮಾನ ಅವಳ ಹಾಸಿಗೆಯಲ್ಲಿದೆ. ಕ್ರಿಸ್‌ಮಸ್‌ಗೆ ಮುಂಚೆ ಹಾಸಿಗೆ ಬಿಚ್ಚಿಸಿ, ಬೀದಿಗೆ ಕಾಣುವಂತೆ ಹತ್ತಿ ಒಣಗಿಸಿ, ಹೊಸ ಗವಸು ಹಾಕಿಸದ ಮನೆಯನ್ನು ಕಂಡರೆ ಜನ ಮೂಗು ಮುರಿಯುತ್ತಾರೆ. ಅಂಥ ಊರಲ್ಲಿ ಹಾಸಿಗೆ ಮಾಡುವವನೇ ನಿಂತು, ನಿಮ್ಮ ಹಾಸಿಗೆಯಲ್ಲಿ ಹುಳ ಇದೆ ಎಂದರೆ ಅವನನ್ನು ಮತ್ತೆ ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಆವತ್ತು ನಾನು ಹೇಳಿದ್ದು ಸರಿ ಎಂದೇ ಈವತ್ತಿಗೂ ಅನ್ನುತ್ತೇನೆ.

ಶನಿವಾರ ಬೆಳಗ್ಗೆ ಹೆಂಗಸರು ಚೀಲ ಹಿಡಿದು ಮೀನಿಗೆ ಹೋಗುವ ಹೊತ್ತಿನಲ್ಲಿ ಅವನು ಬೀದಿ ದಾಟಿ ತೊಮಾಸಾಳ ಒಲೆಯ ಪಕ್ಕ ಹೋಗಿ ನಿಂತ. ಒಗೆದ ಅಂಗಿ ಹಾಕಿದ್ದ. ತೊಮಾಸಾ ತಲೆ ಎತ್ತಲಿಲ್ಲ. ಅವನು ಅವಳ ಪಕ್ಕದಲ್ಲಿ ನಿಂತಿರುವುದನ್ನು ನೋಡಿ ದಾರಿಯಲ್ಲಿದ್ದವರೆಲ್ಲ ನಿಂತರು. ಬೆರ್ತಿಲ್ದಾ ಅಂತೂ ಮುಂದೆಯೇ ಬಂದು ನಿಂತಳು. ಅವನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದ. ಸೀಗಡಿ, ನುಸಿ, ದಾಯಾದಿ, ಒಂದೂ ಬಿಡಲಿಲ್ಲ.

"ಯಾರ ಹಾಸಿಗೇಲಿ ಹುಳ?" ಎಂದಳು ಬೆರ್ತಿಲ್ದಾ.

"ಎಲ್ಲರ ಹಾಸಿಗೇಲೂ, ದೋನ್ಯಾ. ನಿಮ್ಮದ್ರಲ್ಲೂ ಇದೆ. ಪಾದ್ರಿಗಳದ್ರಲ್ಲೂ ಇದೆ. ಎಲ್ಲಕ್ಕಿಂತ ಜಾಸ್ತಿ ನನ್ನದ್ರಲ್ಲಿ. ನಮ್ಮ ಮೈಯಿಂದ ಉದುರೋ ಹೊಟ್ಟು ತಿಂದು ಬದುಕ್ತವಂತೆ."

"ನಮ್ಮನೆ ಹಾಸಿಗೆ ವರ್ಷಾ ವರ್ಷಾ ಬಿಚ್ಚೋನು ನೀನೇ ಅಲ್ವಾ? ಇಷ್ಟು ದಿನ ಇಲ್ಲದ ಹುಳ ಈಗ ಬಂತಾ?"

"ಆಗ್ಲೂ ಇತ್ತು. ಅದಕ್ಕೇ ಅಲ್ವಾ ಸೀನ್ತಿದ್ದದ್ದು. ನಿಮ್ಮನೇಲಿ ಇನ್ನೂ ಜಾಸ್ತಿ ಸೀನ್ತಿದ್ದೆ."

ಹಿಂದೆ ನಿಂತಿದ್ದ ಮೀನುಗಾರರ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಅವನ ಸೀನು ಕೇಳದ ಮನೆ ಊರಲ್ಲಿ ಒಂದೂ ಇರಲಿಲ್ಲ. ಡಾಕ್ಟರ ಮಾತನ್ನು ನಂಬದವರೂ ಆ ಸೀನನ್ನು ನಂಬಲೇಬೇಕಾಯಿತು.

"ಹಾಗಾದ್ರೆ ಮದ್ದು?" ಎಂದು ಅದೇ ಹೆಂಗಸು ಕೇಳಿದಳು.

"ಮದ್ದೂ ಇಲ್ಲ, ಮಣ್ಣೂ ಇಲ್ಲ. ಕೊಮಾದ್ರೆ ಕೊಟ್ಟ ಸೀಗಡಿ ತಾಜಾ ಇತ್ತು. ಕೆಟ್ಟಿದ್ದು ನನ್ನ ಮೈ."

ಬೆರ್ತಿಲ್ದಾ ಚೀಲ ಎತ್ತಿಕೊಂಡು ಹೊರಟುಹೋದಳು. ಮುಂದಿನ ವಾರವೇ ಅವಳ ಮನೆಗೆ ಪ್ಲಾಸ್ಟಿಕ್ ಸುತ್ತಿದ ಸ್ಪಂಜಿನ ಹಾಸಿಗೆ ಬಂತು. ಅವಳ ಹಿಂದೆ ಚೌಕದ ಸುತ್ತಿನ ಮನೆಗಳೆಲ್ಲ ಅದನ್ನೇ ತರಿಸಿದವು. ಆ ಕ್ರಿಸ್‌ಮಸ್‌ಗೆ ನನ್ನ ಯಂತ್ರದ ಮೇಲೆ ಗವಸಿನ ಬಟ್ಟೆ ಬರಲಿಲ್ಲ, ಶಾಲೆಯ ಮಕ್ಕಳ ಚಡ್ಡಿ ಹೊಲಿದೆ. ಅವನು ಈಗ ಧೂಳಿಗೆ ಹೆದರಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಗಳಿಗೆ ಪ್ಲಾಸ್ಟಿಕ್ ದಾರ ನೇಯುತ್ತಾನೆ, ಅಪ್ಪನ ಹಾಸಿಗೆಯನ್ನು ಅಂಗಳದಲ್ಲಿ ಸುಟ್ಟ. ಅವನ ಮೇಲೆ ನನಗೆ ಸಿಟ್ಟಿದೆ, ಬೇಲಿಯ ಮೇಲಿಂದ ದಿನವೂ ಹೇಳುತ್ತೇನೆ. ಅವನಂಥವನು ಪಕ್ಕದಲ್ಲಿದ್ದಾನೆಂದು ಹೆಮ್ಮೆಯೂ ಇದೆ, ಅದನ್ನು ಹೇಳಿಲ್ಲ.

ಆ ಶನಿವಾರದ ಮಾತು ಮುಗಿಸುತ್ತೇನೆ. ಬೆರ್ತಿಲ್ದಾ ಹೋದ ಮೇಲೆ ನಕ್ಕ ಹೆಂಗಸು ಮುಂದೆ ಬಂದು, "ನನಗೊಂದು ಪೊಟ್ಟಣ ಹಾಕು" ಎಂದಳು. ತೊಮಾಸಾ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಎದ್ದಿತು. ಅರ್ಖೆಮಿರೋನ ಕಣ್ಣು ಕೆಂಪಾದವು, ತುಟಿ ಕೆರೆದುಕೊಂಡ, ಆದರೂ ಜಾಗ ಬಿಟ್ಟು ಕದಲಲಿಲ್ಲ. ತೊಮಾಸಾ ಆಗ ಮೊದಲ ಸಲ ಅವನನ್ನು ನೋಡಿದಳು.

"ಕೊಂಪಾದ್ರೆ, ಆ ಕಡೆ ಹೋಗಿ ನಿಂತ್ಕೊಳ್ಳಿ. ಈಗಷ್ಟೇ ನನ್ನ ಹೆಸರು ವಾಪಸ್ ಬಂದಿದೆ. ನನ್ನ ಒಲೆ ಮುಂದೆ ಸತ್ತು ಮತ್ತೆ ಕಳೀಬೇಡಿ."

ಅವನು ಬೀದಿ ದಾಟಿ ನನ್ನ ಬಾಗಿಲ ಬಳಿ ಬಂದು ನಿಂತ. ಅವಳು ಪೊಟ್ಟಣ ಕಟ್ಟಿಕೊಟ್ಟು, ಕೈ ಒರೆಸಿಕೊಂಡು, ಇಡೀ ಬೀದಿಗೆ ಕೇಳುವಂತೆ ಅಲ್ಲಿಂದಲೇ ಕೂಗಿದಳು.

"ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಬಂದ್ರೂ ನಿಮ್ಮ ಹೆಸರು ಕೆಡ್ತಿತ್ತು, ಬರದೇ ಇದ್ರೂ ಕೆಡ್ತಿತ್ತು. ಏನು ಮಾಡ್ಬೇಕು ಅಂತ ತಿಳೀಲಿಲ್ಲ, ಕೊಮಾದ್ರೆ."

"ನನ್ನ ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಏನಂತಿದ್ರಿ?"

"ಹೆಸರು ಕೆಟ್ರೆ ಕೆಡ್ಲಿ, ಬಂದು ಊಟ ಮಾಡಿ ಅಂತಿದ್ದೆ" ಎಂದಳು ತೊಮಾಸಾ.