ತೋಳಿನ ಹಕ್ಕಳೆ ಉದುರಿತು

ನನ್ನ ಮೊಮ್ಮಗಳು ಶಾಂತಾಳ ಎಡತೋಳಿನ ಹಕ್ಕಳೆ ನಿನ್ನೆ ಮುಂಜಾನೆ ತಾನಾಗಿಯೇ ಉದುರಿ ಬಿತ್ತು ನೋಡ್ರಿ! ಅಂಗಿಯ ತೋಳಿಗೆ ಅಂಟಿಕೊಂಡಿದ್ದ ಆ ಕರಿ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಹೆಂಡತಿ ನೀಲವ್ವ ಮಗ್ಗದ ಕುಣಿಯವರೆಗೂ ಓಡಿ ಬಂದಳು. ಕೂಸಿಗೆ ಹಲ್ಲು ಬಂತೆಂದು, ಹೆಜ್ಜೆ ಇಟ್ಟಿತೆಂದು ಊರಿಗೆಲ್ಲ ಹೇಳಿಕೊಂಡು ಬರುವ ಅಜ್ಜಂದಿರನ್ನು ನೀವು ಕಂಡಿರುತ್ತೀರಿ. ಒಣಗಿದ ಗಾಯದ ಸಿಪ್ಪೆಯೊಂದಕ್ಕೆ ಹೀಗೆ ಹಿಗ್ಗುವ ಮುದುಕನನ್ನು ಕಂಡಿರಲಿಕ್ಕಿಲ್ಲ. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟು ರಾಮದುರ್ಗದ ಈ ಮಗ್ಗಕ್ಕೆ ಕುಳಿತವನು ನಾನು. ಅಕ್ಷರ ಸಾಲು ತಪ್ಪಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ಮೈಲಿಬೇನೆಯನ್ನು, ಅಂದರೆ ಸಿಡುಬನ್ನು, ದೇಶ ಬಿಟ್ಟು ಓಡಿಸುತ್ತೇವೆಂದು ಗೋಡೆಗಳ ಮೇಲೆಲ್ಲ ಬರೆದು, ಲಸಿಕೆಯವರು ನಮ್ಮ ಓಣಿಗೂ ಬಂದಿದ್ದರು. ಕವೆಯಂಥ ಸೂಜಿಯಿಂದ ಕೂಸಿನ ತೋಳನ್ನು ಟಕಟಕ ಚುಚ್ಚಿದ ನರ್ಸಬಾಯಿ, "ಜ್ವರ ಬರತಾವರಿ, ತೋಳು ಬಾಯತದ, ಕಂಕುಳಾಗ ಗಂಟೂ ಕಟ್ಟಬಹುದು. ಅದು ಮದ್ದು ಹತ್ತಿದ ಗುರುತು, ಹೆದರಬ್ಯಾಡ್ರಿ" ಎಂದು ಮುಂದಿನ ಮನೆಗೆ ಹೋದಳು.

ಹೆದರಬೇಡಿ ಎನ್ನುವುದು ಎಷ್ಟು ಹಗುರವಾದ ಮಾತು! ನಮಗೆ ಮೊದಲೊಬ್ಬ ಮಗಳಿದ್ದಳು, ಗಂಗವ್ವ. ಓಡಾಡುವ ಕೂಸು. ಅವಳಿಗೂ ಮೊದಲು ಜ್ವರವೇ ಬಂದದ್ದು, ಆಮೇಲೆ ಒಂದು ಗುಳ್ಳೆ, ಆಮೇಲೆ ಮೈಯೆಲ್ಲ ಗುಳ್ಳೆ. ಆಗ ನಮ್ಮ ಓಣಿಗೆ ಸೂಜಿ ಹಿಡಿದು ಯಾರೂ ಬಂದಿರಲಿಲ್ಲ. ಅವಳು ಹೋದ ಮೇಲೆ ಹುಟ್ಟಿದವನು ನನ್ನ ಮಗ ಈರಪ್ಪ. ಅಂದಿನಿಂದ ಆ ಹೆಸರನ್ನು ನೀಲವ್ವ ಬಾಯಿಗೆ ತಂದಿರಲಿಲ್ಲ. ಅವಳ ಮುಂದೆ ನಾನೂ ತಂದಿರಲಿಲ್ಲ.

ಶಾಂತಾಳ ತೋಳಿನ ಮೇಲೆ ಮುತ್ತಿನಂಥ ಗುಳ್ಳೆಯೊಂದು ಎದ್ದು, ಮೈ ಕಾದ ಹೆಂಚಿನಂತಾದ ದಿನ ನೀಲವ್ವನ ಮುಖ ನೋಡಲಾಗಲಿಲ್ಲ. ಮೈಲಿ ಎಂದರೆ ನಮ್ಮಲ್ಲಿ ಅಮ್ಮನವರು ಮನೆಗೆ ಬಂದಂತೆ. ಅವರಿರುವಷ್ಟು ದಿನ ಒಗ್ಗರಣೆ ಕೂಡದು, ತಲೆ ಬಾಚಕೂಡದು, ಪರರು ಹೊಸ್ತಿಲು ದಾಟಕೂಡದು. ಅವಳು ಲಸಿಕೆಯ ಗುಳ್ಳೆಗೂ ಅದೇ ನೇಮ ಹಿಡಿದಳು. ಬಾಗಿಲಿಗೆ ಬೇವಿನ ತಪ್ಪಲು ಬಂತು, ಒಲೆಯ ಮೇಲೆ ಬರೀ ಸಪ್ಪನೆಯ ಬೇಳೆ.

"ಅವ್ವಾ, ಇದು ಬ್ಯಾನಿ ಅಲ್ಲ, ಔಷಧದ ಜ್ವರ" ಎಂದ ಈರಪ್ಪ.

"ನಿನಗೇನ ಗೊತ್ತೋ? ನೀ ಇನ್ನೂ ಹುಟ್ಟಿರಲಿಲ್ಲ."

ಅವನು ಎದ್ದು ಹೊರಗೆ ನಡೆದ. ಪಕ್ಕದ ಮನೆಯವನಾದ, ನೂಲಿಗೆ ಬಣ್ಣ ಹಾಕುವ ಹುಸೇನಸಾಬನೊಬ್ಬನೇ ಬಾಯಿ ಬಿಡುವ ಧೈರ್ಯದವನು. ಹೊಸ್ತಿಲ ಆಚೆಯೇ ನಿಂತು, "ಕಾಕಾ, ನಿಮ್ಮ ಮನಿ ಬಳ್ಳೊಳ್ಳಿ ಒಗ್ಗರಣಿ ವಾಸನಿ ಇಲ್ಲದ ನನಗ ರೊಟ್ಟಿ ಇಳೀವಲ್ಲದು. ಬ್ಯಾನಿ ನಿಮ್ಮಲ್ಲಿ ಅಲ್ಲ, ನಮ್ಮನ್ಯಾಗ ಹೊಕ್ಕೈತಿ!" ಎಂದ. "ಹಂಗಿದ್ರ ನಿನ್ನ ಬಾಗಲಿಗೂ ಬೇವು ಕಟ್ಟತೇನಿ, ಸುಮ್ಮನ ಹೋಗು" ಎಂದು ಒಳಗಿನಿಂದ ನೀಲವ್ವನ ಉತ್ತರ ಬಂತು.

ನೇಕಾರನಿಗೆ ಒಂದು ಸಂಗತಿ ಗೊತ್ತು. ನೂಲನ್ನು ಹಾಗೆಯೇ ಮಗ್ಗಕ್ಕೆ ಏರಿಸಿದರೆ ಹರಿದುಹೋಗುತ್ತದೆ. ಮೊದಲು ಗಂಜಿ ಕುಡಿಸಿ, ಬಿಸಿಲಿಗೆ ಚಾಚಿ, ಕುಂಚದಿಂದ ಎಳೆದೆಳೆದು ತಿಕ್ಕಬೇಕು. ಆ ನೋವು ಉಂಡ ಎಳೆಯೇ ಮುಂದೆ ಲಾಳಿಯ ಪೆಟ್ಟು ತಾಳುವುದು. ಕೂಸಿನ ಜ್ವರವೂ ಅಂಥದೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಗಂಜಿ ಹಾಕುವಾಗಲೂ ಹರಿಯುವ ಎಳೆಗಳನ್ನು ಕಂಡವನು ನಾನು, ಹೀಗಾಗಿ ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ.

ಆ ಮಧ್ಯಾಹ್ನ ನೀಲವ್ವ ಕೂಸನ್ನು ಅಂಗಳದ ಬೆಳಕಿಗೆ ತಂದು, ಬಟ್ಟೆ ಬಿಚ್ಚಿ, ಬೆನ್ನು, ಹೊಟ್ಟೆ, ಅಂಗಾಲು, ಕಿವಿಯ ಹಿಂದೆ ಎಲ್ಲ ಬೆರಳಾಡಿಸಿ ಹುಡುಕುತ್ತಿದ್ದಳು. ಏನು ಹುಡುಕುತ್ತಿದ್ದಾಳೆಂದು ಕೇಳಬೇಕಾಗಿರಲಿಲ್ಲ. ಇನ್ನೊಂದು ಗುಳ್ಳೆ ಎದ್ದರೆ ಈ ಕೂಸೂ ಹೋದಂತೆಯೇ ಎಂಬುದು ಅವಳ ಲೆಕ್ಕ. ಇರಲಿಲ್ಲ. ಮರುದಿನವೂ ಹುಡುಕಿದಳು, ಇರಲಿಲ್ಲ. ಸೂಜಿ ಚುಚ್ಚಿದ್ದು ಕೂಸಿನ ತೋಳಿಗೆ. ಜ್ವರ ಬಂದದ್ದು ನಮ್ಮ ಹಳೆಯ ದಿನಗಳಿಗೆಲ್ಲ. ಕೂಸಿನ ಮೈ ಬೇಗ ತಣ್ಣಗಾಯಿತು, ಹಾಲಿಗೆ ಹಟವನ್ನೂ ಮಾಡಿತು. ನೀಲವ್ವ ಮಾತ್ರ ಹಕ್ಕಳೆ ಉದುರುವವರೆಗೂ ನೇಮ ಬಿಡಲಿಲ್ಲ.

ನಿನ್ನೆ ಅವಳು ಆ ಹಕ್ಕಳೆಯನ್ನು ಬೇವಿನೆಲೆಯಲ್ಲಿ ಸುತ್ತಿ, ಮೇಲೊಂದು ತುತ್ತು ಮೊಸರನ್ನ ಇಟ್ಟು, ಊರ ಸೀಮೆಯಲ್ಲಿಟ್ಟು ಬಾ ಎಂದು ಈರಪ್ಪನ ಕೈಗೆ ಕೊಟ್ಟಳು. ಅಮ್ಮನವರನ್ನು ಕಳಿಸುವ ರೀತಿ ಅದು. ಅವನು ವಾದ ಮಾಡದೆ, ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಇಟ್ಟು ಬಂದ.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಸೊಸೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಶಾಂತಾ ಈರಪ್ಪನ ತೊಡೆಯ ಮೇಲಿದ್ದಳು. ಬಡಿಸುತ್ತಿದ್ದ ನೀಲವ್ವ ಒಮ್ಮೆಲೆ, ಯಾರ ಮುಖವನ್ನೂ ನೋಡದೆ, "ಗಂಗವ್ವ ರೊಟ್ಟಿ ಅಂಚಷ್ಟ ತಿಂತಿದ್ಲು. ನಡುವಿನ್ದು ಅಪ್ಪನ ತಾಟಿಗೆ ಒಗೀತಿದ್ಲು" ಎಂದಳು.

ಈರಪ್ಪ ಮೆಲ್ಲಗೆ ಕೇಳಿದ: "ಅಪ್ಪ ಏನ ಮಾಡತಿದ್ದ ಅವ್ವಾ?"

"ಏನ ಮಾಡತಾನ, ತಿಂತಿದ್ದ."

ಸೊಸೆ ನಕ್ಕಳು, ನೀಲವ್ವನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಈರಪ್ಪ ತನ್ನ ರೊಟ್ಟಿಯ ಗರಿಗರಿ ಅಂಚನ್ನು ಮುರಿದು ಮಗಳ ಕೈಗೆ ಕೊಟ್ಟ, ನಡುವಿನದನ್ನು ನನ್ನ ತಾಟಿಗೆ ಹಾಕಿದ. ನಾನು ತಲೆ ತಗ್ಗಿಸಿ ಅದನ್ನು ತಿಂದೆ.